ದೇಸೂರಿನವರೆಗೆ ಹಿಮಾಲಯ

ನಮ್ಮ ಮನೆಯಲ್ಲಿ ಈಗ ಯಾರು ಬೇಕಾದರೂ ಪ್ರವಾಸದ ಮಾತೆತ್ತಬಹುದು, ನನ್ನೊಬ್ಬನನ್ನು ಬಿಟ್ಟು. ನಾನು ಬಾಯಿ ತೆರೆದು ‘ಮುಂದಿನ ವರ್ಷ’ ಎಂದರೆ ಸಾಕು, ಹೆಂಡತಿ ಗೌರವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಅಡುಗೆಮನೆಗೆ ಹೋಗುತ್ತಾಳೆ. ಮಗಳು ಕಾಂತಾ ಕಾಲೇಜಿನ ಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳುತ್ತಾಳೆ. ಬೆಳಗಾವಿಯ ಇಡೀ ಶಿವಬಸವ ನಗರದಲ್ಲಿ ಪ್ರವಾಸಶಾಸ್ತ್ರವನ್ನು ನನ್ನಷ್ಟು ಆಳವಾಗಿ ಅಧ್ಯಯನ ಮಾಡಿದ ಇನ್ನೊಬ್ಬ ಪ್ರಾಣಿ ಇಲ್ಲ. ಅಂಥವನಿಗೆ ಈ ಗತಿ. ತಪ್ಪು ಯಾರದೆಂದು ನೀವೇ ಹೇಳಿ. (ನನ್ನದೇ ಎನ್ನುವವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು.)

ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತ. ನಮಗೆ ನಾಲ್ಕು ವರ್ಷಕ್ಕೊಮ್ಮೆ ಭಾರತದ ಯಾವ ಮೂಲೆಗಾದರೂ ಕುಟುಂಬ ಸಮೇತ ಹೋಗಿಬರುವ ಸವಲತ್ತು ಉಂಟು; ಎಲ್.ಟಿ.ಸಿ. ಎನ್ನುತ್ತಾರೆ. ನನ್ನ ಸಹೋದ್ಯೋಗಿಗಳು ಈ ಪವಿತ್ರ ಸವಲತ್ತನ್ನು ಬಳಸುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಯಾವುದೋ ಟೂರಿನವರ ಬಸ್ಸು ಹತ್ತುತ್ತಾರೆ, ಅವರು ಇಳಿ ಎಂದಲ್ಲಿ ಇಳಿಯುತ್ತಾರೆ, ಉಣ್ಣು ಎಂದಾಗ ಉಣ್ಣುತ್ತಾರೆ. ತಿರುಗಿ ಬಂದ ಮೇಲೆ ‘ಕಾಶ್ಮೀರ ಹೆಂಗಿತ್ತು?’ ಎಂದು ಕೇಳಿದರೆ ‘ಊಟಾ ಚಲೋ ಇತ್ತು’ ಎನ್ನುತ್ತಾರೆ! ನನ್ನ ಮಾರ್ಗ ಬೇರೆ. ನನ್ನದು ಸ್ವಯಂ ಆಯೋಜಿತ ಪರ್ಯಟನೆ. ಅದರಲ್ಲಿ ಪ್ರತಿ ನಿಮಿಷವೂ ನಮ್ಮ ಕೈಯಲ್ಲಿರುತ್ತದೆ. ಹಾಗೆ ಆಯೋಜಿಸುತ್ತ ಆಯೋಜಿಸುತ್ತ ಎರಡು ಅವಧಿಗಳು, ಅಂದರೆ ಎಂಟು ವರ್ಷ, ಕಳೆದುಹೋಗಿದ್ದವು ನಿಜ. ರೈಲಿನ ಟೈಂಟೇಬಲ್ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ, ನನ್ನ ಯೋಜನೆ ಸಿದ್ಧವಾಗುವುದು ಏಳನೆಯ ತಿಂಗಳಿಗೆ. ಇದಕ್ಕೆ ನಾನೇನು ಮಾಡಲಿ?

ಗೌರವ್ವನ ತವರು ಖಾನಾಪುರ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಆಕೆಯ ಸಂಚಾರವೆಲ್ಲ ಬೆಳಗಾವಿಯಿಂದ ಖಾನಾಪುರಕ್ಕೆ, ಖಾನಾಪುರದಿಂದ ಬೆಳಗಾವಿಗೆ. ಮದುವೆಯಾದ ತಿಂಗಳಲ್ಲೇ ಆಕೆ ನನ್ನ ಹತ್ತಿರ ಒಂದೇ ಒಂದು ಮಾತು ಕೇಳಿದ್ದಳು: “ಒಂದ ಸಲ ಹಿಮಾ ನೋಡಬೇಕ್ರಿ. ಕ್ಯಾಲೆಂಡರಿನ್ಯಾಗಿಂದಲ್ಲ, ಖರೇ ಹಿಮಾ. ಕೈಯಾಗ ಹಿಡೀಬೇಕು.” ನಾನು ಆಗಲೇ ಒಪ್ಪಿದ್ದೆ. ಆಮೇಲೆ ಆಕೆ ಹನ್ನೆರಡು ವರ್ಷ ಕೇಳಿದಳು, ಹತ್ತು ವರ್ಷ ಕೇಳುವುದನ್ನೇ ಬಿಟ್ಟಳು. ೧೯೮೪ರ ಜನವರಿಯಲ್ಲಿ ಒಂದು ದಿನ, ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ ಮತ್ತೆ ಮಾತು ತೆಗೆದಳು.

“ನನಗ ಮೊಣಕಾಲನೋವು ಸುರು ಆಗೇತ್ರಿ. ಇನ್ನ ನಾಲ್ಕ ವರ್ಷ ಬಿಟ್ಟ ಹೋಗೂಣು ಅಂದ್ರ ನಾ ಹತ್ತಂಗಿಲ್ಲ. ನನ್ನ ಹೊತಗೊಂಡ ಹೋಗಬೇಕಾಕ್ಕೈತಿ.”

ಗೌರವ್ವನ ತೂಕವನ್ನು ಗಮನಿಸಿ ನಾನು ಆ ಕ್ಷಣವೇ ಕಾರ್ಯಪ್ರವೃತ್ತನಾದೆ.

ಮೊದಲ ಪ್ರಶ್ನೆ, ಯಾವ ಊರು? ನಕಾಶೆಯಲ್ಲಿ ದಪ್ಪ ಅಕ್ಷರದಲ್ಲಿರುವ ಊರಿಗೆ ಯಾವ ಹುಂಬನಾದರೂ ಹೋಗಿ ಬಂದಾನು. ಅತಿ ಸಣ್ಣ ಅಕ್ಷರದಲ್ಲಿರುವ ಊರೇ ಶ್ರೇಷ್ಠ ಊರು ಎಂಬುದು ನನ್ನ ಸಿದ್ಧಾಂತ. ಭೂತಗನ್ನಡಿ ಹಿಡಿದು ಹಿಮಾಲಯವನ್ನು ಮೂರು ವಾರ ಶೋಧಿಸಿದ ಮೇಲೆ ಟಿಬೇಟಿನ ಗಡಿಯ ಹತ್ತಿರ ಮುನ್ಸಿಯಾರಿ ಎಂಬ ಪುಟ್ಟ ಊರು ಸಿಕ್ಕಿತು. ರೈಲು ಮುಗಿದ ಮೇಲೂ ಎರಡು ದಿನ ಬಸ್ಸಿನಲ್ಲಿ ಗುಡ್ಡ ಸುತ್ತಬೇಕು. ಅಂಗಳದಲ್ಲಿ ನಿಂತರೆ ಎದುರಿಗೇ ಐದು ಹಿಮಶಿಖರಗಳು ಕಾಣುತ್ತವಂತೆ. ನಾನು ಕುಣಿದಾಡಿಬಿಟ್ಟೆ.

ನಮ್ಮ ಬಾಜು ಮನೆಯ ಶಿವಬಸವ್ವನಿಗೆ ಅರವತ್ತಮೂರು ವರ್ಷ. ನಮ್ಮ ಓಣಿಯ ಹೆಂಗಸರು ವಾರಕ್ಕೊಮ್ಮೆ ಕೂಡಿ ವಚನ ಹಾಡುವ ಅಕ್ಕನ ಬಳಗಕ್ಕೆ ಅವರೇ ಮುಂದಾಳು. ಸುದ್ದಿ ಕೇಳಿ ಬಂದು ಕುಳಿತರು.

“ಅಲ್ಲೆ ಯಾವ ಮಠಾ ಐತ್ರಿ?”

“ಮಠಾ ಇಲ್ಲ ಅಕ್ಕಾರ, ಹಿಮಾ ಐತಿ.”

“ಅಯ್ಯ, ಅಷ್ಟ ದೂರ ಹೋಗಿ ಬರೇ ಥಂಡಿ ತಗೊಂಡ ಬರೂದು?” ಎಂದು ನಕ್ಕರು. ಆದರೆ ಅಂದಿನಿಂದ ದಿನಾ ಸಂಜೆ ಚಹಾದ ಹೊತ್ತಿಗೆ ಬಂದು ನನ್ನ ಯೋಜನೆಯ ವಾಚನವನ್ನು ಕೇಳತೊಡಗಿದರು.

ಆ ಯೋಜನೆ! ಮೂರು ತಿಂಗಳು, ಎಂಬತ್ತಾರು ಪುಟ, ನಾಲ್ಕು ಬಣ್ಣದ ಶಾಯಿ. ಯಾವ ನಿಲ್ದಾಣದಲ್ಲಿ ಗಾಡಿ ಎಷ್ಟು ನಿಮಿಷ ನಿಲ್ಲುತ್ತದೆ, ಎಲ್ಲಿ ಮುಖ ತೊಳೆಯುವುದು, ಇಪ್ಪತ್ತೆರಡು ನಿಮಿಷ ನಿಲ್ಲುವ ಯಾವ ನಿಲ್ದಾಣದಲ್ಲಿ ಲಿಂಗಪೂಜೆ ಮುಗಿಸುವುದು, ಯಾವ ದಿನ ಎಷ್ಟು ಕಡಕ ರೊಟ್ಟಿ, ಅದಕ್ಕೆ ಎಷ್ಟು ಚಮಚ ಶೇಂಗಾ ಹಿಂಡಿ, ಎಲ್ಲ ಅದರಲ್ಲಿತ್ತು. ಗೌರವ್ವ ಒಂದು ದಿನ ಅದನ್ನು ತಿರುವಿ ಹಾಕಿದಳು.

“ಇದೇನ್ರಿ, ಮೂರನೇ ದಿವಸ ಹನ್ನೊಂದೂ ನಾಲ್ವತ್ತಕ್ಕ ‘ಹಸಿವೆ’ ಅಂತ ಬರದೀರಿ. ನನಗ ಹನ್ನೊಂದಕ್ಕ ಹಸಿವ್ಯಾದ್ರ?”

“ತಡಕೋಬೇಕು.”

“ಹನ್ನೆರಡಕ್ಕಾದ್ರ?”

“ಆಗಬಾರದು. ಹನ್ನೆರಡಕ್ಕ ನಿದ್ದಿ ಐತಿ.”

ಆಕೆ ಮರುದಿನವೇ ನನ್ನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಮೇ ಮೂರನೆಯ ತಾರೀಖಿಗೆ ಮೂರು ಟಿಕೆಟ್ಟು ಕಾದಿರಿಸುವ ತನಕ ಬಾಜುವಿನಲ್ಲೇ ನಿಂತಿದ್ದಳು. ನನ್ನ ಪರ್ಯಟನೆಯ ಇತಿಹಾಸದಲ್ಲಿ ಟಿಕೆಟ್ಟು ಎಂಬ ವಸ್ತು ಕೈಗೆ ಬಂದದ್ದು ಅದೇ ಮೊದಲು. ನನಗೆ ಸ್ವಲ್ಪ ಗಾಬರಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಗಾಬರಿಯಿಂದಲೇ ಆ ದಿವ್ಯ ಕಲ್ಪನೆ ಹುಟ್ಟಿತು. ನಾಟಕದವರು ತಾಲೀಮು ಮಾಡದೆ ರಂಗಕ್ಕೆ ಹೋಗುತ್ತಾರೆಯೇ? ಹಾಗಿದ್ದ ಮೇಲೆ ಹಿಮಾಲಯಕ್ಕೆ ತಾಲೀಮಿಲ್ಲದೆ ಹೋಗುವುದು ಹೇಗೆ? ಏಪ್ರಿಲಿನ ಒಂದು ಶನಿವಾರ ಪೂರ್ತಿ ಸಾಮಾನು ಹೊತ್ತು ರೈಲಿನಲ್ಲಿ ಖಾನಾಪುರಕ್ಕೆ ಹೋಗುವುದು, ಮರುದಿನ ಅಲ್ಲಿಂದ ಹತ್ತಿರದ ಹಲಸಿ ಎಂಬ ಹಳ್ಳಿಗೆ ಹೋಗಿ ಅಲ್ಲಿಯ ಗುಡ್ಡ ಹತ್ತುವುದು ಎಂದು ಘೋಷಿಸಿದೆ.

“ನನ್ನ ತವರಮನಿಗೆ ಹೋಗೂದು ತಾಲೀಮು ಹ್ಯಾಂಗಾಕ್ಕೈತ್ರಿ? ಇಪ್ಪತ್ತೆರಡ ವರ್ಷ ಅದ ಗಾಡ್ಯಾಗ ಅಡ್ಡಾಡೇನಿ.”

“ಅಲ್ಲೇ ತಪ್ಪತಿ ನೀ. ಶನಿವಾರ ಅದು ನಿನ್ನ ತವರಮನಿ ಅಲ್ಲ. ಬೇಸ್ ಕ್ಯಾಂಪು.”

“ನಮ್ಮ ತಮ್ಮ ಸಿದ್ದಪ್ಪನ ಮುಂದ ಹಂಗ ಅನಬ್ಯಾಡ್ರಿ ಮತ್ತ. ಸಿಟ್ಟಿಗೇಳತಾನ.”

ತಾಲೀಮಿಗೆ ಮೂರು ನಿಯಮ ಮಾಡಿದೆ. ಒಂದು, ಎಲ್ಲರೂ ಉಣ್ಣೆಯ ಬಟ್ಟೆ ತೊಟ್ಟಿರಬೇಕು. ಎರಡು, ಪ್ರತಿ ನಿಲ್ದಾಣದಲ್ಲೂ ಕುಟುಂಬದ ಯಜಮಾನ ಇಳಿದು ತಂಬಿಗೆಯಲ್ಲಿ ನೀರು ತುಂಬಿ ತರಬೇಕು. ಮೂರು, ಬೆಳಗಾವಿ ಸ್ಟೇಷನ್ ದಾಟಿದ ಮೇಲೆ ಹಿಂದಿ ಬಿಟ್ಟು ಬೇರೆ ಭಾಷೆ ಆಡಕೂಡದು, ಏಕೆಂದರೆ ಆ ಪರ್ವತಪ್ರಾಂತ್ಯದಲ್ಲಿ ನಮ್ಮ ಕನ್ನಡ ಯಾರಿಗೆ ತಿಳಿದೀತು?

“ಹಂಗಾರ ನಾ ಮಾತೇ ಆಡೂದುಲ್ಲ,” ಎಂದಳು ಗೌರವ್ವ. ನಾನು ಈ ಮೂರನೆಯ ನಿಯಮದ ಉಪಯೋಗವನ್ನು ಅಲ್ಲಿಯವರೆಗೆ ಪೂರ್ತಿ ಮನಗಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಗಾಡಿ ಹತ್ತಿದೆವು. ತಾಯಿ ಮಗಳು ಇಬ್ಬರೂ ಒಂದನೆಯ ನಿಯಮಕ್ಕೆ ನಯವಾಗಿ ಕೈಕೊಟ್ಟು ಸ್ವೆಟರುಗಳನ್ನು ಚೀಲದಲ್ಲೇ ಇಟ್ಟುಕೊಂಡಿದ್ದರು. ನಿಯಮ ಪಾಲಿಸಿದವನು ನಾನೊಬ್ಬನೇ. ಬನಿಯನ್ನಿನ ಮೇಲೆ ಎರಡು ಸ್ವೆಟರು, ಕೊರಳಿಗೆ ಮಫ್ಲರು, ತಲೆಗೆ ಮಂಕಿ ಟೋಪಿ. ಡಬ್ಬಿಯ ಜನ ನನ್ನಿಂದ ಸ್ವಲ್ಪ ದೂರ ಸರಿದು ಕುಳಿತರು.

ಬೆಳಗಾವಿ ಬಿಟ್ಟ ಮೇಲೆ ಮೊದಲ ನಿಲ್ದಾಣ ದೇಸೂರ. ನನ್ನ ಅನುಭವದಲ್ಲಿ ಆ ಗಾಡಿ ದೇಸೂರಿನಲ್ಲಿ ಆರಾಮವಾಗಿ ನಿಂತು ಹೋಗುವಂಥದು. ಎರಡನೆಯ ನಿಯಮದ ಪ್ರಕಾರ ತಂಬಿಗೆ ಹಿಡಿದು ಇಳಿದೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಅರ್ಧ ತುಂಬುವಷ್ಟರಲ್ಲಿ ಕಾಂತಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು:

“ಪಿತಾಜೀ! ಗಾಡಿ ಛೂಟ್ ರಹೀ ಹೈ!”

ನನ್ನ ಎದೆ ಹಿಗ್ಗಿತು. ನಿಯಮ ಜಾರಿಗೆ ಬಂದು ಇನ್ನೂ ಅರ್ಧ ತಾಸಾಗಿಲ್ಲ, ಹುಡುಗಿಯ ಬಾಯಲ್ಲಿ ಎಷ್ಟು ಸ್ವಚ್ಛ ಹಿಂದಿ! ತಲೆಯೆತ್ತದೆಯೇ “ಬಹುತ್ ಅಚ್ಛಾ!” ಎಂದೆ. ಆಕೆ ಮತ್ತೆ ಕೂಗಿದಳು, ಇನ್ನೂ ಜೋರಾಗಿ. ಅಭ್ಯಾಸ ಮಾಡುತ್ತಿದ್ದಾಳೆ ಎಂದುಕೊಂಡು “ಶಾಬಾಸ್!” ಎಂದೆ. ತಂಬಿಗೆ ತುಂಬಿತು. ಮುಚ್ಚಳ ತಿರುವಿ ಹಿಂತಿರುಗಿ ನೋಡಿದರೆ ಕೊನೆಯ ಡಬ್ಬಿ ನನ್ನನ್ನು ದಾಟಿ ಹೋಗುತ್ತಿತ್ತು. ದೂರದ ಒಂದು ಕಿಟಕಿಯಲ್ಲಿ ಗೌರವ್ವನ ಮುಖ ಕಂಡಿತು. ಆಕೆ ತುಟಿ ಬಿಗಿಹಿಡಿದು ಕುಳಿತಿದ್ದಳು. ಗಾಡಿ ಸರಿಯಾದ ವೇಳೆಗೆ ಬಿಟ್ಟರೆ ಏನು ಮಾಡಬೇಕೆಂದು ಎಂಬತ್ತಾರು ಪುಟಗಳಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಪ್ಲಾಟ್‌ಫಾರ್ಮಿನ ತುದಿಯ ಬೇವಿನ ಮರದ ಕೆಳಗೆ ಕುಳಿತೆ. ಬಿಸಿಲು ಏರುತ್ತಿತ್ತು. ಸ್ವೆಟರು ತೆಗೆಯೋಣವೆಂದರೆ ಕೆಳಗೆ ಅಂಗಿ ಇಲ್ಲ. ಬನಿಯನ್ನಿನಲ್ಲಿ ಕೂಡಲು ಸರ್ಕಾರಿ ನೌಕರನಿಗೆ ಮನಸ್ಸಾಗಲಿಲ್ಲ. ಬೆವರು ಧಾರೆಯಾಗಿ ಇಳಿಯತೊಡಗಿತು. ಅಷ್ಟರಲ್ಲಿ ಕುರಿ ಕಾಯುವ ಭರಮಣ್ಣ ಆ ಕಡೆ ಬಂದ. (ಹೆಸರು ಆಮೇಲೆ ತಿಳಿಯಿತು. ಪುಣ್ಯಾತ್ಮ.) ನನ್ನ ಟೋಪಿ, ಮಫ್ಲರು, ಕೆಂಪು ಮುಖ, ಬೆವರು ಎಲ್ಲವನ್ನೂ ನೋಡಿ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತ.

“ಯಾರ್ರಿ ಯಪ್ಪಾ? ಯಾವೂರು?”

ಕನ್ನಡದಲ್ಲಿ ಎರಡು ಮಾತು ಆಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಿಯಮ ಮಾಡಿದವನೇ ನಿಯಮ ಮುರಿದರೆ ಹೇಗೆ?

“ಹಮ್ ಮುಸಾಫಿರ್ ಹೈ. ಪಹಾಡ್ ಜಾನಾ ಹೈ,” ಎಂದೆ ಗಂಭೀರವಾಗಿ.

ಭರಮಣ್ಣ ನನ್ನ ಹಣೆ ಮುಟ್ಟಿ ನೋಡಿದ. ಆ ಬಿಸಿಲಿಗೆ, ಆ ಉಣ್ಣೆಗೆ, ಅದು ಕಾದ ಹಂಚಾಗಿತ್ತು. ಆತ ಎದ್ದು ತನ್ನ ಹೆಂಡತಿಯನ್ನು ಕೂಗಿ ಕರೆದ: “ಏ ಮಾಯವ್ವಾ, ಜಲ್ದಿ ಬಾ! ಥಂಡಿಜ್ವರ ಬಂದೈತಿ ಇವಗ. ಬ್ಯಾಸಿಗ್ಯಾಗ ಸ್ವೆಟರ ಹಾಕ್ಕೊಂಡ ಕುಂತಾನ, ಏನೇನೋ ಬಡಬಡಸಾಕತ್ತಾನ!”

“ಬುಖಾರ್ ನಹೀ ಹೈ!” ಎಂದು ನಾನು ಪ್ರತಿಭಟಿಸಿದೆ.

“ನೋಡ, ಮತ್ತ ಬಡಬಡಸ್ತಾನ,” ಎಂದ ಭರಮಣ್ಣ ಮರುಕದಿಂದ.

ಆಮೇಲೆ ನಡೆದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅವರು ನನ್ನನ್ನು ಹಿಡಿದುಕೊಂಡು ಹೋಗಿ ತಮ್ಮ ಮನೆಯ ಕಟ್ಟೆಯ ಮೇಲೆ ಮಲಗಿಸಿದರು. ಎರಡು ಸ್ವೆಟರಿನ ಮೇಲೆ ಒಂದು ಕರಿ ಕಂಬಳಿ ಹೊದಿಸಿದರು. ಮಾಯವ್ವ ಅಮೃತಬಳ್ಳಿ, ಮೆಣಸು, ಇನ್ನೂ ಏನೇನನ್ನೋ ಕುದಿಸಿದ ಕಷಾಯವನ್ನು ಗಿಂಡಿ ತುಂಬ ತಂದು ಕುಡಿಸಿದಳು. ನಾನು ಅದನ್ನೂ ಹಿಂದಿಯಲ್ಲೇ ಸಹಿಸಿಕೊಂಡೆ. ಕೊನೆಗೆ ಇಟ್ಟಿಗೆ ಕಾಯಿಸಿ, ಬಟ್ಟೆಯಲ್ಲಿ ಸುತ್ತಿ, ಅಂಗಾಲಿಗೆ ಇಟ್ಟರು.

“ಯವ್ವಾ, ಸುಟ್ಟಿತೋ! ಬಿಡ್ರೋ ನನ್ನ! ನಾ ಬೆಳಗಾವಿಯವಾ, ನನಗೇನೂ ಆಗಿಲ್ಲೋ!”

ಮಾಯವ್ವ ಕೈಮುಗಿದು ಮೇಲೆ ನೋಡಿದಳು. “ಇಳೀತು ನೋಡ್ರಿ ಜ್ವರಾ. ಕನ್ನಡ ಮಾತಾಡಾಕತ್ತಾನ.”

ನಾನು ಎಲ್ಲವನ್ನೂ ವಿವರಿಸಿದೆ. ಹಿಮಾಲಯಕ್ಕೆ ಹೋಗುವುದಕ್ಕಾಗಿ ಖಾನಾಪುರಕ್ಕೆ ಹೊರಟಿದ್ದೇನೆ ಎಂದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇಟ್ಟಿಗೆಯನ್ನು ಮತ್ತೆ ಕಾಯಿಸಲು ಇಟ್ಟರು. ಮಧ್ಯಾಹ್ನ ಅವರ ಸಂಬಂಧಿಕರ ಚಕ್ಕಡಿ ಖಾನಾಪುರದ ಕಡೆ ಹೊರಟಿತ್ತು; ಅದರಲ್ಲಿ ಕಂಬಳಿ ಸಮೇತ ನನ್ನನ್ನು ಮಲಗಿಸಿ, ಭರಮಣ್ಣ ತಾನೇ ಜೊತೆಗೆ ಬಂದ. ಸೂರ್ಯ ಮುಳುಗುವ ಹೊತ್ತಿಗೆ ಚಕ್ಕಡಿ ಬೇಸ್ ಕ್ಯಾಂಪು ಮುಟ್ಟಿತು. ಅಷ್ಟರಲ್ಲಿ ನನಗೆ ನಿಜವಾಗಿಯೂ ಜ್ವರ ಬಂದಿತ್ತು.

ಗೌರವ್ವ ಓಡಿ ಬಂದಳು. ಕಣ್ಣು ಕೆಂಪಗಿದ್ದವು. ಬೆಳಗಿನಿಂದ ತಮ್ಮ ಸಿದ್ದಪ್ಪನನ್ನು ಎರಡು ಸಲ ಸ್ಟೇಷನ್ನಿಗೆ ಓಡಿಸಿದ್ದಳಂತೆ. ಭರಮಣ್ಣನ ಬಾಯಿಂದ ವೃತ್ತಾಂತ ಕೇಳಿದ ಮೇಲೆ ಮಾತ್ರ ಆಕೆಯ ಹೊಟ್ಟೆ ನಗೆಯಿಂದ ಕುಲುಕತೊಡಗಿತು.

“ಗಾಡಿ ಬಿಡೂದ ನೋಡಕೋತ ಕುಂತಿದ್ಯಲ್ಲ, ಕೂಗಬಾರದಾಗಿತ್ತ?” ಎಂದು ರೇಗಿದೆ.

“ಸಿಗ್ನಲ್ ಬಿದ್ದದ್ದ ನೋಡಿದ್ನಿರಿ. ಹಿಂದಿವೊಳಗ ಹ್ಯಾಂಗ ಒದರಬೇಕು ತಿಳೀಲಿಲ್ಲ.”

“ಮಾವಾರ, ನಮ್ಮ ಮನಿಗೆ ಬರಾಕೂ ನಿಮಗ ತಾಲೀಮು ಬೇಕಾತೇನ್ರಿ?” ಎಂದು ಸಿದ್ದಪ್ಪ ಮುಖ ದಪ್ಪ ಮಾಡಿಕೊಂಡ.

ಮರುದಿನ ನಾನು ಹಾಸಿಗೆಯಲ್ಲಿದ್ದೆ. ತಾಯಿ ಮಗಳು ಸಿದ್ದಪ್ಪನ ಜೊತೆ ಹಲಸಿಗೆ ಹೋದರು, ಹಳೆಯ ಗುಡಿಗಳನ್ನು ನೋಡಿದರು, ಗುಡ್ಡ ಹತ್ತಿದರು, ಮೇಲೆ ಕುಳಿತು ರೊಟ್ಟಿ ತಿಂದರು, ಸಂಜೆಗೆ ಹಾಡಿಕೊಳ್ಳುತ್ತ ಬಂದರು. ಗೌರವ್ವನ ಮುಖದಲ್ಲಿ ನಾನು ಎಷ್ಟೋ ವರ್ಷಗಳಿಂದ ಕಾಣದ ಹುರುಪಿತ್ತು. “ನಡುವ ನಾಲ್ಕ ಸಲ ಕುಂತೆ, ಆದ್ರೂ ಹತ್ತಿದ್ನಿರಿ,” ಎಂದಳು. ನಾನು ಅದೇ ಮುಹೂರ್ತದಲ್ಲಿ, ದಿಂಬಿಗೆ ಒರಗಿಕೊಂಡು, ನನ್ನ ತೀರ್ಪನ್ನು ಪ್ರಕಟಿಸಿದೆ.

“ತಾಲೀಮಿನ್ಯಾಗ ಭಾಳ ದೋಷ ಕಂಡಾವು. ಯೋಜನೆ ಮತ್ತ ಮೊದಲಿಂದ ತಿದ್ದಬೇಕು. ಮೇ ತಿಂಗಳದ್ದು ರದ್ದು. ಮುಂದಿನ ವರ್ಷ ನೋಡೂಣು.”

ಗೌರವ್ವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದಳು.

“ನೀವು ತಿದ್ದಕೋತ ಇರ್ರಿ,” ಎಂದಳು. “ನಾವು ಹೋಗಿ ಬರತೇವಿ.”

ನಾನು ನಕ್ಕೆ. ನನ್ನ ಹತ್ತಿರ ಹುಕುಮಿನ ಎಲೆ ಇತ್ತು. “ಎಲ್.ಟಿ.ಸಿ. ನನ್ನ ಹೆಸರಿಲೆ ಐತಿ. ನೌಕರದಾರ ಮನ್ಯಾಗ ಕುಂತು ನೀವು ಹ್ಯಾಂಗ ಹೋಗತೀರಿ?” ಎಂದೆ.

ಬೆಳಗಾವಿಗೆ ಮರಳಿದ ದಿನವೇ ಕಾಂತಾ ಎಲ್.ಟಿ.ಸಿ. ನಿಯಮಗಳ ಪುಸ್ತಕ ತೆರೆದಳು. ಯೋಜನೆಗೆ ಬೇಕೆಂದು ಆ ಪುಸ್ತಕವನ್ನು ಕಚೇರಿಯಿಂದ ಮನೆಗೆ ಹೊತ್ತು ತಂದ ಮೂರ್ಖ ನಾನೇ. ನೌಕರನು ಜೊತೆಗಿರದಿದ್ದರೂ ಅವನ ಕುಟುಂಬ ಪ್ರತ್ಯೇಕವಾಗಿ ಪ್ರಯಾಣ ಮಾಡಬಹುದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹುಡುಗಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಈ ಸಲ ಕನ್ನಡದಲ್ಲಿ.

“ಬರೂದಿದ್ರ ನೀವೂ ಬರ್ರಿ,” ಎಂದಳು ಗೌರವ್ವ.

“ತಿದ್ದಿದ ಯೋಜನೆ ಇಲ್ಲದ ನಾ ಒಂದ ಹೆಜ್ಜಿ ಇಡೂದುಲ್ಲ!” ಎಂದೆ. ಹೀಗೆಂದರೆ ಹೆದರಿ ಸುಮ್ಮನಾದಾರು ಎಂಬ ಎಣಿಕೆ. ಮಾರನೆಯ ದಿನ ಬಾಗಿಲಲ್ಲಿ ಶಿವಬಸವ್ವ ಬಂದು ನಿಂತು, “ನಿಮ್ಮ ಟಿಕೀಟು ವಾಪಸ ಮಾಡೂದಿದ್ರ ಜಲ್ದಿ ಮಾಡ್ರಿ. ನನಗೊಂದು ತಗೋಬೇಕು,” ಎಂದರು.

ಮೇ ಮೂರರಂದು ಅವರನ್ನು ಕಳಿಸಲು ಸ್ಟೇಷನ್ನಿಗೆ ಹೋದೆ. ಅಕ್ಕನ ಬಳಗ ಇಡೀ ಬಂದಿತ್ತು. ಮೂವರಿಗೂ ಉಡಿ ತುಂಬಿದರು, ಬುತ್ತಿ ಕಟ್ಟಿಕೊಟ್ಟರು. ನಾನು ಕಿಟಕಿಯ ಹತ್ತಿರ ನಿಂತು, ಯಾವ ನಿಲ್ದಾಣದಲ್ಲಿ ಯಾವ ಕಡೆ ಇಳಿಯಬೇಕೆಂದು ಹೇಳುತ್ತಲೇ ಇದ್ದೆ, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ನಿಮ್ಮೆದುರು ಏಕೆ ಮುಚ್ಚಿಡಲಿ? ಹೊರಗೆ ನಿಲ್ಲಿಸಿದ್ದ ಸೈಕಲ್ಲಿಗೆ ಎರಡು ಜೊತೆ ಬಟ್ಟೆಯ ಚೀಲ ನೇತುಹಾಕಿಕೊಂಡೇ ಬಂದಿದ್ದೆ. ಆಕೆ ಇನ್ನೊಂದು ಸಲ, ಒಂದೇ ಒಂದು ಸಲ ‘ಬರ್ರಿ’ ಎಂದಿದ್ದರೆ ಸಾಕಿತ್ತು. ಆಕೆ ಅಂದದ್ದು, “ಹಾಲಿನವಗ ಒಂದ ಶೇರ್ ಕಮ್ಮಿ ಮಾಡಂತ ಹೇಳ್ರಿ.” ಗಾಡಿ ಬಿಟ್ಟಿತು. ನನಗೆ ಅಳು ಬಂದಂತಾಯಿತು.

ಹದಿನಾಲ್ಕು ದಿನ ಸುದ್ದಿಯಿಲ್ಲ. ದಿನಾ ಅಂಚೆಯವನ ದಾರಿ ಕಾಯುತ್ತ, ಅನ್ನ ಹೊತ್ತಿಸಿಕೊಳ್ಳುತ್ತ, ಈಗ ಅವರು ಎಲ್ಲಿ ದಾರಿ ತಪ್ಪಿರಬಹುದೆಂದು ನಕಾಶೆಯಲ್ಲಿ ಗುರುತು ಹಾಕುತ್ತ ಕಳೆದೆ. ಹದಿನೈದನೆಯ ದಿನ ಕಾಗದ ಬಂತು, ಬರೆದು ಎಂಟು ದಿನವಾಗಿತ್ತು. ಅಕ್ಷರ ಕಾಂತಾಳದು, ಮಾತು ಗೌರವ್ವನದು.

“ನಾವು ಆರಾಮ ಮುಟ್ಟೇವಿ. ನೀವು ಬರದ ಗಾಡಿ ಒಂದೂ ಸಿಗಲಿಲ್ಲ, ಬ್ಯಾರೆ ಸಿಕ್ಕವು. ಶಿವಬಸಕ್ಕ ಎಲ್ಲಾರಿಗೂ ಕನ್ನಡದಾಗ ಕೇಳತಾರ, ಅವರು ತಮ್ಮ ಮಾತಿನ್ಯಾಗ ಹೇಳತಾರ, ಇಬ್ಬರಿಗೂ ತಿಳೀತೈತಿ. ಬಸ್ಸಿನ್ಯಾಗ ಒಬ್ಬಾಕಿಗೆ ಕಡಕ ರೊಟ್ಟಿ ಕೊಟ್ವಿ, ಈಗ ಆಕಿ ಮನ್ಯಾಗ ಇಳಕೊಂಡೇವಿ. ಇನ್ನೂ ಎಂಟ ದಿವಸ ಇರ್ರಿ ಅಂತಾಳ, ಇರತೇವಿ. ಊರಾಗ ಹಿಮಾ ಇಲ್ಲ, ಮ್ಯಾಲೆ ಗುಡ್ಡದ ಸಂದ್ಯಾಗ ಉಳದೈತಿ ಅಂದ್ರು. ಮೊಣಕಾಲ ಹಿಡಕೊಂಡ ಹತ್ತಿದೆ. ಕೈಯಾಗ ಹಿಡದೆ. ಕೈ ಮರಗಟ್ಟಿತು, ಆದ್ರೂ ಬಿಡಾಕ ಮನಸಾಗಲಿಲ್ಲ. ಕಣ್ಣಾಗ ನೀರ ಬಂತು. ನೀವು ಇರಬೇಕಾಗಿತ್ತು ಅನಸ್ತು. ಆಮ್ಯಾಲೆ ಅನಸ್ತು, ನೀವು ಇದ್ದಿದ್ರ ನಾವು ಇನ್ನೂ ಶಿವಬಸವ ನಗರದಾಗ ಇರತಿದ್ವಿ.”

ಅದನ್ನು ಎಷ್ಟು ಸಲ ಓದಿದೆನೋ ತಿಳಿಯದು. ಮೊದಲು ಸಂತೋಷವಾಯಿತು, ಖರೇ ಹೇಳುತ್ತೇನೆ. ಆಮೇಲೆ ಕೊನೆಯ ಸಾಲಿಗೆ ಸಿಟ್ಟು ಬಂತು. ಇದಕ್ಕೆ ಒಂದು ಸಮರ್ಪಕ ಉತ್ತರ ಬರೆಯಲೇಬೇಕೆಂದು ನಿರ್ಧರಿಸಿದೆ. ಸುಮ್ಮನೆ ಗೀಚಿ ಹಾಕುವ ಜಾತಿಯವನಲ್ಲ ನಾನು. ಮೊದಲ ದಿನ ಉತ್ತರದ ಮುಖ್ಯಾಂಶಗಳನ್ನು ಪಟ್ಟಿ ಮಾಡಿದೆ. ಎರಡನೆಯ ದಿನ ಕರಡು ಬರೆದೆ. ಅದು ತೀರ ಕಠಿಣವೆನಿಸಿ ಮರುದಿನ ಇನ್ನೊಂದು ಬರೆದೆ. ಅದು ತೀರ ಮೆತ್ತಗಾಯಿತು. ಐದನೆಯ ದಿನ ಮೂರನೆಯ ಕರಡಿನ ನಡುಭಾಗವನ್ನು ತಿದ್ದುತ್ತಿದ್ದಾಗ ಮನೆಯ ಮುಂದೆ ಟಾಂಗಾ ನಿಂತ ಸದ್ದಾಯಿತು. ಮೂಗು ಸುಟ್ಟು ಕಪ್ಪಾದ ಗೌರವ್ವ ಚೀಲ ಹಿಡಿದು ಒಳಗೆ ಬಂದಳು.

“ಅಯ್ಯ, ಯಾರಿಗೆ ಬರ್ಯಾಕತ್ತೀರಿ?”

“ನಿನಗ.”

“ಬಂದೇನಲ್ಲ. ಈಗ ಬಾಯಿಲೇ ಹೇಳ್ರಿ.” ಆಕೆ ಚೀಲ ಕೆಳಗಿಟ್ಟು, ನನ್ನೆದುರು ಕುರ್ಚಿ ಎಳೆದುಕೊಂಡು, ಕೇಳಲು ಕುಳಿತಳು.

ಏನು ಹೇಳಲಿ? ಶುದ್ಧಪ್ರತಿ ಇನ್ನೂ ಆಗಿರಲಿಲ್ಲ.